ಶಿಕಾಗೋಗೆ ಹೊಸಬರಾ? ಡೌನ್‌ಟೌನ್ ನದಿ ದಂಡೆಯನ್ನು ಸೇತುವೆ ಲೆಕ್ಕದಲ್ಲಿ ತಿಳಿದುಕೊಳ್ಳುವ ಬಗೆ

ಶಿಕಾಗೋಗೆ ಹೊಸದಾಗಿ ಬಂದ ನಮ್ಮವರಲ್ಲಿ ಎಷ್ಟೋ ಜನ ಮನೆ ಮಾಡುವುದು ನೇಪರ್‌ವಿಲ್, ಅರೋರಾ, ಶಾಂಬರ್ಗ್ ಥರದ ಉಪನಗರಗಳ ಕಡೆ. ಡೌನ್‌ಟೌನ್ ಅಂದರೆ ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗುವ ಜಾಗ. ಬೀನ್ ಎಂಬ ಹೊಳೆಯುವ ಉಕ್ಕಿನ ಶಿಲ್ಪದ ಮುಂದೆ ಒಂದು ಫೋಟೋ, ನೇವಿ ಪಿಯರ್‌ನಲ್ಲಿ ಐಸ್‌ಕ್ರೀಮ್, ವಾಪಸ್ ಬರುವಾಗ ನಮ್ಮ ದೇಶದ ಅಂಗಡಿ ಹೋಟೆಲುಗಳ ಬೀದಿ ಡೆವಾನ್‌ನಲ್ಲಿ ಊಟ. ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಇದ್ದರೂ ಸ್ಟೇಟ್ ಸ್ಟ್ರೀಟ್ ಯಾವ ಕಡೆ, ಕ್ಲಾರ್ಕ್ ಯಾವ ಕಡೆ ಅಂತ ಫೋನ್ ಕೇಳಿಯೇ ಹೇಳಬೇಕು.

ಈ ಊರು ತಲೆಯಲ್ಲಿ ಕೂರಬೇಕಾದರೆ ನದಿ ಹಿಡಿಯಿರಿ. ಡೌನ್‌ಟೌನಿನ ಮುಖ್ಯ ರಸ್ತೆಗಳೆಲ್ಲ ಒಂದೊಂದು ಸೇತುವೆಯಾಗಿ ನದಿ ದಾಟುತ್ತವೆ. ಜನ ಸೇತುವೆಯನ್ನು ಕರೆಯುವುದೂ ರಸ್ತೆಯ ಹೆಸರಲ್ಲೇ. ಸೇತುವೆಗಳ ಸಾಲು ಬಾಯಿಗೆ ಬಂದರೆ ರಸ್ತೆಗಳ ಸಾಲೂ ಬಂದ ಹಾಗೆ. ಕೆಳಗೆ ಬರೆದಿರುವುದು ಆ ಲೆಕ್ಕದಲ್ಲೇ. ಎಲ್ಲ ಒಂದೇ ದಿನ ಮಾಡಬೇಕಿಲ್ಲ. ಮೂರನೇ ಹಂತದ ನಡಿಗೆಯೊಂದು ಮಾಡಿದರೂ ಅರ್ಧ ಕೆಲಸ ಆಯಿತು.

1. ಹೊರಡುವ ಮೊದಲು: ಒಂದು ಅಕ್ಷರ, ಒಂದು ಸೊನ್ನೆ

ನಕ್ಷೆಯಲ್ಲಿ ಶಿಕಾಗೋ ನದಿ ಅಡ್ಡ ಮಲಗಿಸಿದ ಇಂಗ್ಲಿಷ್ ವೈ ಅಕ್ಷರದ ಹಾಗಿದೆ. ಮಿಶಿಗನ್ ಸರೋವರದಿಂದ ಪಶ್ಚಿಮಕ್ಕೆ ಬರುವುದು ಮುಖ್ಯ ನದಿ. ವುಲ್ಫ್ ಪಾಯಿಂಟ್ ಎಂಬಲ್ಲಿ ಅದು ಉತ್ತರ ಕವಲು, ದಕ್ಷಿಣ ಕವಲು ಎರಡನ್ನೂ ಸೇರುತ್ತದೆ. ಈ ವೈ ಇಲ್ಲಿನ ನಗರಪಾಲಿಕೆಯ ಗುರುತೂ ಹೌದು. ಹಳೇ ಕಟ್ಟಡ, ಸೇತುವೆಗಳ ಮೇಲೆ ಸುತ್ತು ಬಳೆಯೊಳಗೆ ಒಂದು ವೈ ಕಾಣುತ್ತದೆ. ಶಿಕಾಗೋ ಥಿಯೇಟರಿನ ದೊಡ್ಡ ಬೋರ್ಡಿನಲ್ಲೂ ಇದೆ. ಮಕ್ಕಳ ಜೊತೆ ಹೋಗುವವರು ಇದನ್ನು ಹುಡುಕುವ ಆಟ ಕೊಡಿ. "ಇನ್ನೂ ಎಷ್ಟು ದೂರ" ಅನ್ನುವ ಪ್ರಶ್ನೆ ಬಾಯಿಗೇ ಬರುವುದಿಲ್ಲ.

ಇನ್ನು ಮನೆ ನಂಬರು. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಮೂಲೆಯೇ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಎಣಿಕೆ ಶುರು. ಸಾಮಾನ್ಯವಾಗಿ 800 ನಂಬರಿಗೆ ಒಂದು ಮೈಲಿ. ಉತ್ತರ ಮತ್ತು ಪಶ್ಚಿಮದ ಬದಿಗೆ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವದ ಬದಿಗೆ ಬೆಸ. ಮುಖ್ಯ ನದಿ ಸುಮಾರು 300 ನಾರ್ತ್‌ನಲ್ಲಿದೆ. ಹಾಗಾಗಿ "330 ನಾರ್ತ್ ವಾಬಾಶ್" ಅಂತ ವಿಳಾಸ ಕಂಡರೆ ಉತ್ತರಕ್ಕೆ ಸೇತುವೆ ದಾಟಿದ ಕೂಡಲೇ, ಎಡಗಡೆ ಕಟ್ಟಡ ಅಂತ ಕೂತಲ್ಲೇ ಹೇಳಬಹುದು.

ಈ ಲೆಕ್ಕ ಕೈಕೊಡುವ ಜಾಗ ಒಂದೇ, ವ್ಯಾಕರ್ ಡ್ರೈವ್. ನದಿಯ ಪಕ್ಕದಲ್ಲೇ ತಿರುಗಿಕೊಂಡು ಹೋಗುವ ರಸ್ತೆ ಅದು. ಹಾಗಾಗಿ ಈಸ್ಟ್ ವ್ಯಾಕರ್, ವೆಸ್ಟ್ ವ್ಯಾಕರ್, ನಾರ್ತ್ ವ್ಯಾಕರ್, ಸೌತ್ ವ್ಯಾಕರ್ ನಾಲ್ಕೂ ಇವೆ. ಸಾಲದು ಅಂತ ಮೇಲೊಂದು, ಕೆಳಗೊಂದು ಅಂತಸ್ತು. ಕೆಳಗಿನ ವ್ಯಾಕರ್‌ನಲ್ಲಿ ಫೋನಿನ ಜಿಪಿಎಸ್ ತಲೆಕೆಡಿಸಿಕೊಂಡು ನಿಮ್ಮನ್ನು ಇನ್ನೆಲ್ಲೋ ತೋರಿಸುತ್ತದೆ. ಮೊದಲ ಸಲ ಕಾರಿನಲ್ಲಿ ಹೋಗಬೇಡಿ ಅನ್ನುವುದಕ್ಕೆ ಇದೊಂದೇ ಕಾರಣ ಸಾಕು. ಪಾರ್ಕಿಂಗ್ ದುಡ್ಡಿನ ಮಾತು ಬೇರೆ.

2. ಹೋಗುವ ದಾರಿ ಮತ್ತು ಹೊತ್ತು

ನೇಪರ್‌ವಿಲ್, ಅರೋರಾ ಕಡೆಯವರು ಮೆಟ್ರಾ ಎಂಬ ಉಪನಗರ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿಯಿರಿ. ದಕ್ಷಿಣ ಕವಲು ಸ್ಟೇಷನ್ನಿನ ಪಕ್ಕದಲ್ಲೇ ಹರಿಯುತ್ತದೆ. ಊರೊಳಗೇ ಇರುವವರಿಗೆ 'ಎಲ್' ರೈಲಿನ ಕ್ಲಾರ್ಕ್/ಲೇಕ್ ಸ್ಟೇಷನ್ ಹತ್ತಿರ.

ರಿವರ್‌ವಾಕ್, ಅಂದರೆ ನೀರಿನ ಪಕ್ಕದಲ್ಲೇ ನಡೆಯಲು ಮಾಡಿದ ದಾರಿ, ಇರುವುದು ಮುಖ್ಯ ನದಿಯ ದಕ್ಷಿಣ ದಂಡೆಯಲ್ಲಿ. ಲೇಕ್ ಸ್ಟ್ರೀಟಿನಿಂದ ಲೇಕ್ ಶೋರ್ ಡ್ರೈವ್‌ವರೆಗೆ ಸುಮಾರು ಒಂದೂಕಾಲು ಮೈಲಿ. ಅದರ ದಕ್ಷಿಣಕ್ಕೆ ವ್ಯಾಕರ್ ಮೇಲಿನ ಎತ್ತರದ ಕಟ್ಟಡಗಳ ಗೋಡೆಯೇ ನಿಂತಿದೆ. ಸೂರ್ಯ ಆ ಗೋಡೆಯ ಹಿಂದೆ ಇರುವುದರಿಂದ ನೀವು ನಡೆಯುವ ದಂಡೆಗೆ ನೆರಳು ಜಾಸ್ತಿ, ಎದುರು ದಂಡೆಯ ಕಟ್ಟಡಗಳಿಗೆ ಬಿಸಿಲು. ಫೋಟೋಗೆ ಇದು ಒಳ್ಳೆಯದು. ಜುಲೈನಲ್ಲಿ ನಡೆಯುವುದಕ್ಕೂ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಮಾತ್ರ ಮೋಸ. ನೇಪರ್‌ವಿಲ್‌ನಲ್ಲಿ ಅರ್ಧ ತೋಳಿನ ಅಂಗಿ ಸಾಕು ಅನ್ನಿಸಿದ ದಿನ ಇಲ್ಲಿ ಸರೋವರದ ಗಾಳಿಗೆ ಹಲ್ಲು ಕಡಿಯುತ್ತದೆ. ಟಿವಿ ಹವಾಮಾನದವರು "ಕೂಲರ್ ಬೈ ದಿ ಲೇಕ್" (ಸರೋವರದ ಪಕ್ಕ ಇನ್ನೂ ತಂಪು) ಅಂದರೆ ಸುಮ್ನೆ ಹೇಳುತ್ತಿಲ್ಲ. ಒಂದು ಜಾಕೆಟ್ ಚೀಲದಲ್ಲಿರಲಿ.

ಅಂಗಡಿ, ದೋಣಿ, ಜನಸಂದಣಿ ಬೇಕು ಅಂದರೆ ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ಹೋಗಿ. ಬೇಸಿಗೆ ಶನಿವಾರ ಸಂಜೆ ಮಾತ್ರ ಬೇಡ. ತಳ್ಳುಗಾಡಿಯಲ್ಲಿ ಮಗು ಇದ್ದರಂತೂ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ಹೋದರೆ ದಂಡೆ ಪೂರ್ತಿ ನಿಮ್ಮದೇ.

3. ಪಶ್ಚಿಮದ ತುದಿಯಿಂದ ಶುರು ಮಾಡಿ

ಪ್ರವಾಸಿಗಳು ಸಾಮಾನ್ಯವಾಗಿ ಮಿಶಿಗನ್ ಅವೆನ್ಯೂ ಕಡೆಯಿಂದ ಇಳಿಯುತ್ತಾರೆ. ನೀವು ಯೂನಿಯನ್ ಸ್ಟೇಷನ್ ಕಡೆಯಿಂದ ಬನ್ನಿ. ಸ್ಟೇಷನ್ ಬಿಟ್ಟು ನದಿಯ ಪಶ್ಚಿಮ ದಂಡೆಯಲ್ಲಿ, ರಿವರ್‌ಸೈಡ್ ಪ್ಲಾಜಾ ಎನ್ನುವ ದಾರಿಯಲ್ಲಿ ಉತ್ತರಕ್ಕೆ ನಡೆಯಿರಿ. ಆಡಮ್ಸ್, ಮನ್ರೋ, ಮ್ಯಾಡಿಸನ್, ವಾಷಿಂಗ್ಟನ್ ಸೇತುವೆಗಳು ಒಂದೊಂದಾಗಿ ಬರುತ್ತವೆ. ಅಮೆರಿಕದ ಅಧ್ಯಕ್ಷರ ಹೆಸರುಗಳು. ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ಎಣಿಸಿದರೆ ಬಹುತೇಕ ಅವರು ಅಧಿಕಾರಕ್ಕೆ ಬಂದ ಕ್ರಮದಲ್ಲೇ ಇವೆ. ಜೆಫರ್ಸನ್ ಮಾತ್ರ ಈ ಸಾಲಿನಲ್ಲಿಲ್ಲ, ಅವರ ರಸ್ತೆ ಪಶ್ಚಿಮಕ್ಕೆ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಸಿಟಿಜನ್‌ಶಿಪ್ ಪರೀಕ್ಷೆಗೆ ಓದುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ರಾಂಡಾಲ್ಫ್ ಸೇತುವೆ ದಾಟಿದ ಮೇಲೆ ನಿಂತು ಎಡಕ್ಕೆ ನೋಡಿ. 150 ನಾರ್ತ್ ರಿವರ್‌ಸೈಡ್. 54 ಮಹಡಿಯ ಕಟ್ಟಡ, ಬುಡದಲ್ಲಿ ಮಾತ್ರ ಬರೀ 39 ಅಡಿ ಅಗಲ. ಒಂದು ಪಕ್ಕ ರೈಲು ಹಳಿ, ಇನ್ನೊಂದು ಪಕ್ಕ ನದಿ. ದಂಡೆಯಲ್ಲಿ ಜನರಿಗೆ ಜಾಗ ಬಿಡಲೇಬೇಕು. ಮಧ್ಯೆ ಉಳಿದ ಪಟ್ಟಿಯಲ್ಲಿ ಕಾಲೂರಿ, ಮೇಲೆ ಹೋಗುತ್ತ ಅಗಲವಾಗಿದೆ. ಗಾಳಿಗೆ ಓಲಾಡದಿರಲಿ ಅಂತ ತುದಿಯಲ್ಲಿ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಬುಡಕ್ಕೆ ಹೋಗಿ ಕತ್ತೆತ್ತಿದರೆ ಎಂಥವರಿಗೂ ಎರಡು ಹೆಜ್ಜೆ ಹಿಂದೆ ಸರಿಯೋಣ ಅನ್ನಿಸುತ್ತದೆ.

ಈಗ ಲೇಕ್ ಸ್ಟ್ರೀಟ್ ಸೇತುವೆ ದಾಟಿ ಪೂರ್ವ ದಂಡೆಗೆ ಬನ್ನಿ. 1916ರ ಎರಡಂತಸ್ತಿನ ಸೇತುವೆ ಇದು. ಕೆಳಗೆ ಕಾರು, ಮೇಲೆ ರೈಲು. ಇಲ್ಲಿಂದ ರಿವರ್‌ವಾಕ್‌ಗೆ ಇಳಿದರೆ ಎದುರಿಗೇ ವುಲ್ಫ್ ಪಾಯಿಂಟ್, ವೈ ಅಕ್ಷರದ ಮೂರು ಗೆರೆ ಕೂಡುವ ಜಾಗ. ಬೆನ್ನಿಗೆ 333 ವೆಸ್ಟ್ ವ್ಯಾಕರ್, 1983ರ ಹಸಿರು ಗಾಜಿನ ಕಟ್ಟಡ. ನದಿ ಹೇಗೆ ತಿರುಗುತ್ತದೋ ಅದರ ಗೋಡೆಯೂ ಹಾಗೇ ಬಾಗಿದೆ. ಮಧ್ಯಾಹ್ನದ ಮೇಲೆ ಎದುರಿನ ಕಟ್ಟಡಗಳೂ ನೀರೂ ಅದರಲ್ಲಿ ಕಾಣುತ್ತವೆ.

ಇನ್ನು ಪೂರ್ವಕ್ಕೆ ನಡೆಯುತ್ತ ಸೇತುವೆ ಎಣಿಸಿ: ಫ್ರಾಂಕ್ಲಿನ್, ವೆಲ್ಸ್, ಲಸಾಲ್, ಕ್ಲಾರ್ಕ್, ಡಿಯರ್‌ಬಾರ್ನ್, ಸ್ಟೇಟ್, ವಾಬಾಶ್, ಮಿಶಿಗನ್, ಕೊಲಂಬಸ್, ಕೊನೆಗೆ ಲೇಕ್ ಶೋರ್ ಡ್ರೈವ್. ಹತ್ತು ಹೆಸರು. ಎರಡು ಸಲ ನಡೆದರೆ ಬಾಯಿಪಾಠ.

ಎರಡೆರಡು ಸೇತುವೆಗಳ ನಡುವಿನ ದಂಡೆಗೆ ಒಂದೊಂದು ರೂಪ ಕೊಟ್ಟಿದ್ದಾರೆ. ಸ್ಟೇಟ್‌ನಿಂದ ಲಸಾಲ್‌ವರೆಗಿನದು 2015ರಲ್ಲಿ, ಅಲ್ಲಿಂದ ಲೇಕ್ ಸ್ಟ್ರೀಟ್‌ವರೆಗಿನದು 2016ರಲ್ಲಿ ತೆರೆಯಿತು. ಫ್ರಾಂಕ್ಲಿನ್ ಮತ್ತು ವೆಲ್ಸ್ ನಡುವೆ ತೇಲುವ ತೋಟಗಳಿವೆ, ಮೀನುಗಳಿಗೆ ಆಸರೆ ಅಂತ ಮಾಡಿದ್ದು. ಎದುರು ದಂಡೆಯಲ್ಲಿ ಕಾಣುವ ಭಾರಿ ಕಟ್ಟಡ 1930ರ ಮರ್ಚಂಡೈಸ್ ಮಾರ್ಟ್. ಇದರ ಗೋಡೆಯ ಮೇಲೆ 2018ರಿಂದ ರಾತ್ರಿ ಹೊತ್ತು ಬೆಳಕಿನ ಚಿತ್ರ ಬಿಡುತ್ತಾರೆ. ಟಿಕೆಟ್ ಇಲ್ಲ, ಎದುರಿನ ಕಟ್ಟೆಯಲ್ಲಿ ಕೂತು ನೋಡುವುದು. ಇಡೀ ವರ್ಷ ಇರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ವೆಲ್ಸ್ ಸೇತುವೆಯ ಕೆಳಗೆ ಅವಸರ ಬೇಡ. ಇದೂ ಎರಡಂತಸ್ತು, 1922ರದು. ರೈಲು ಬರುವವರೆಗೂ ಅಲ್ಲೇ ನಿಲ್ಲಿ, ಕಾಯಬೇಕಾದ್ದು ಜಾಸ್ತಿ ಇಲ್ಲ. ಮೊದಲು ತಲೆಯ ಮೇಲೆ ಕಾರಿನ ಚಕ್ರಗಳ ಗುಂಯ್ ಸದ್ದು. ಸೇತುವೆಯ ನೆಲ ಕಬ್ಬಿಣದ ಜಾಲರಿ, ಅದಕ್ಕೇ ಆ ಸದ್ದು. ಕೆಳಗಿಂದ ನೋಡಿದರೆ ಜಾಲರಿಯ ಸಂದಿಯಲ್ಲಿ ಆಕಾಶ ಕಾಣುತ್ತದೆ. ಆಮೇಲೆ ರೈಲು ಬಂತು ಅಂದರೆ ಮಾತು ಕೇಳಿಸುವುದಿಲ್ಲ. ಜಾಲರಿ ಯಾಕೆ ಅಂದರೆ ಈ ಸೇತುವೆಗಳೆಲ್ಲ ಮೇಲೆ ಏಳುವಂಥವು. ಎತ್ತುವ ಭಾರ ಕಡಿಮೆ ಇರಬೇಕಲ್ವಾ? ಮಳೆಯಲ್ಲಿ ಸೈಕಲ್ ಜಾರುವುದೂ ಇದೇ ಜಾಲರಿಯ ಮೇಲೆ, ಹುಷಾರು.

4. ಕ್ಲಾರ್ಕ್ ಮತ್ತು ಲಸಾಲ್ ನಡುವೆ ಕೂತುಕೊಳ್ಳಿ

ಇಲ್ಲಿ ವ್ಯಾಕರ್‌ನಿಂದ ನೀರಿನವರೆಗೆ ಅಗಲವಾದ ಮೆಟ್ಟಿಲುಗಳಿವೆ. ನಮ್ಮ ಕಡೆ ಹೊಳೆಯ ಸೋಪಾನಕಟ್ಟೆಯಲ್ಲಿ ಕೂತವರಿಗೆ ಇಲ್ಲಿ ಹೇಗೆ ಕೂರಬೇಕು ಅಂತ ಹೇಳಿಕೊಡಬೇಕಿಲ್ಲ. ಮೆಟ್ಟಿಲ ನಡುವೆಯೇ ಅಂಕುಡೊಂಕಾಗಿ ಇಳಿಜಾರು ದಾರಿ ಮಾಡಿದ್ದಾರೆ. ಗಾಲಿಕುರ್ಚಿ, ತಳ್ಳುಗಾಡಿ, ಮಂಡಿನೋವಿನ ಅಮ್ಮ ಎಲ್ಲರೂ ನೀರಿನವರೆಗೆ ಬರಬಹುದು. ಬುತ್ತಿ ಬಿಚ್ಚುವುದಕ್ಕೂ ಇದೇ ಜಾಗ. ದಂಡೆಯ ಅಂಗಡಿಗಳಲ್ಲಿ ಬೆಲೆ ಜಾಸ್ತಿ, ಸಸ್ಯಾಹಾರಿಗಳಿಗೆ ಸಿಗುವುದು ಕಡಿಮೆ. ಚಿತ್ರಾನ್ನವೋ ಪುಳಿಯೋಗರೆಯೋ ಡಬ್ಬಿಯಲ್ಲಿದ್ದರೆ ಆರಾಮ.

ಊಟ ಆದ ಮೇಲೆ ಮೇಲೆ ಇರುವ ಫಲಕ ಹುಡುಕಿ ಓದಿ. 1915ರ ಜುಲೈ 24ರ ಬೆಳಿಗ್ಗೆ ಈಸ್ಟ್‌ಲ್ಯಾಂಡ್ ಎಂಬ ಹಡಗು ಇಲ್ಲೇ ಮಗುಚಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೆಲಸಗಾರರು ಮಕ್ಕಳು ಮರಿ ಕಟ್ಟಿಕೊಂಡು ಪಿಕ್‌ನಿಕ್‌ಗೆ ಹೊರಟಿದ್ದರು. ಹಡಗಿನ್ನೂ ದಂಡೆಗೆ ಕಟ್ಟಿಕೊಂಡೇ ಇತ್ತು. ಸತ್ತವರು 844 ಜನ, ಅದೂ ದಡದಿಂದ ಕೆಲವೇ ಅಡಿ ದೂರದಲ್ಲಿ. ಮೊದಲೇ ತಲೆಭಾರದ ಹಡಗು ಅದು. ಟೈಟಾನಿಕ್ ಮುಳುಗಿದ ಮೇಲೆ ಬಂದ ಹೊಸ ಕಾನೂನಿನಿಂದಾಗಿ ಜೀವರಕ್ಷಕ ದೋಣಿಗಳನ್ನು ಹೆಚ್ಚಿಗೆ ಹೇರಿದ್ದರು, ಮೇಲಿನ ತೂಕ ಇನ್ನೂ ಏರಿತ್ತು. ಇಲ್ಲಿ ದಿನಾ ಕೂತು ಕಾಫಿ ಕುಡಿಯುವವರಲ್ಲೂ ಇದು ಗೊತ್ತಿಲ್ಲದವರು ಬೇಕಾದಷ್ಟು ಇದ್ದಾರೆ.

ಮುಂದೆ ಡಿಯರ್‌ಬಾರ್ನ್ ದಾಟಿದರೆ ಎದುರು ದಂಡೆಯಲ್ಲಿ ಮೆರೀನಾ ಸಿಟಿಯ ಜೋಡಿ ಗೋಪುರ. ಜನ ಮುಸುಕಿನ ಜೋಳ ಅಂತ ಕರೆಯುವುದು ಇದನ್ನೇ. ಬರ್ಟ್ರಂಡ್ ಗೋಲ್ಡ್‌ಬರ್ಗ್ 1960ರ ದಶಕದಲ್ಲಿ ಕಟ್ಟಿದ್ದು. ಕೆಳಗಿನ 19 ಮಹಡಿ ಬರೀ ಪಾರ್ಕಿಂಗ್. ಕಾರುಗಳ ಬೆನ್ನು ಅಂಚಿನಲ್ಲಿ ಸಾಲಾಗಿ ಕಾಣುತ್ತದೆ.

5. ಮಿಶಿಗನ್ ಸೇತುವೆಯಲ್ಲಿ ಮೇಲೆ ಹತ್ತಿ

1920ರಲ್ಲಿ ತೆರೆದ ಈ ಸೇತುವೆಗೆ 2010ರಿಂದ ಡುಸಾಬಲ್ ಸೇತುವೆ ಅಂತ ಹೆಸರು. ಝಾನ್ ಬಟೀಸ್ಟ್ ಪ್ವಾಂತ್ ಡುಸಾಬಲ್ ಒಬ್ಬ ಕಪ್ಪು ವ್ಯಾಪಾರಿ. ಹೊರಗಿನಿಂದ ಬಂದು ಇಲ್ಲಿ ಕಾಯಂ ಆಗಿ ನೆಲೆಸಿದವರಲ್ಲಿ ಮೊದಲಿಗ. ಮನೆ ಕಟ್ಟಿದ್ದು ನದಿಯ ಉತ್ತರ ದಂಡೆಯಲ್ಲಿ, ಈ ಸೇತುವೆಯ ಹತ್ತಿರವೇ, 1780ರ ದಶಕದ ಹೊತ್ತಿಗೆ.

ಸೇತುವೆಯ ದಕ್ಷಿಣ ತುದಿಯಲ್ಲಿ, ಮಿಶಿಗನ್ ಮತ್ತು ವ್ಯಾಕರ್ ಕೂಡುವಲ್ಲಿ, ಕಟ್ಟಡ ನೋಡುವುದು ಬಿಟ್ಟು ನೆಲ ನೋಡಿ. ಫುಟ್‌ಪಾತಿನಲ್ಲಿ ಅಲ್ಲಲ್ಲಿ ಹಿತ್ತಾಳೆ ಪಟ್ಟಿಗಳಿವೆ. 1803ರಲ್ಲಿ ಕಟ್ಟಿದ ಫೋರ್ಟ್ ಡಿಯರ್‌ಬಾರ್ನ್ ಕೋಟೆಯ ಗೋಡೆ ಎಲ್ಲೆಲ್ಲಿತ್ತು ಅಂತ ಅವು ಗುರುತು ಹಾಕುತ್ತವೆ. ಸಿಗ್ನಲ್ ದಾಟುವ ಗಡಿಬಿಡಿಯಲ್ಲಿ ಸಾವಿರಾರು ಜನ ದಿನಾ ತುಳಿದುಕೊಂಡು ಹೋಗುತ್ತಾರೆ. ಒಂದು ಪಟ್ಟಿ ಸಿಕ್ಕಿತು ಅಂದರೆ ಮುಂದಿನದು ಹುಡುಕದೇ ಇರಲಾಗುವುದಿಲ್ಲ.

ಸೇತುವೆಯ ಮೂಲೆಯಲ್ಲಿರುವ ಕಲ್ಲಿನ ಗೋಪುರಗಳಲ್ಲಿ ಒಂದರೊಳಗೆ ಈಗ ಮ್ಯೂಸಿಯಂ ಇದೆ, ಮೆಕಾರ್ಮಿಕ್ ಬ್ರಿಡ್ಜ್‌ಹೌಸ್. ಬಾಗಿಲು ರಿವರ್‌ವಾಕ್ ಕಡೆಯಿಂದ. ಐದು ಅಂತಸ್ತು, ಕಿರಿದಾದ ಮೆಟ್ಟಿಲು. ಸೇತುವೆ ಎತ್ತುವ ಹಲ್ಲುಗಾಲಿಗಳನ್ನು ಒಳಗೇ ನಿಂತು ನೋಡಬಹುದು. ಸೇತುವೆಯ ಹಿಂಬದಿಗೆ, ರಸ್ತೆಯ ಅಡಿಯಲ್ಲಿ, ಸರಿತೂಕದ ಭಾರ ಕಟ್ಟಿರುತ್ತಾರೆ. ಆ ಭಾರ ಇಳಿದರೆ ಸೇತುವೆ ಏಳುತ್ತದೆ. ಹಾಗಾಗಿ ಇಷ್ಟು ದೊಡ್ಡ ಸೇತುವೆಗೂ ಸಣ್ಣ ಮೋಟಾರು ಸಾಕು. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ.

ಉತ್ತರ ತುದಿಗೆ ದಾಟಿದರೆ ಬಲಗಡೆ 1925ರ ಟ್ರಿಬ್ಯೂನ್ ಟವರ್. ಅದರ ಗೋಡೆಯ ಕೆಳಭಾಗದಲ್ಲಿ ದೇಶವಿದೇಶಗಳ ಹೆಸರಾಂತ ಕಟ್ಟಡಗಳ ಚೂರುಗಳನ್ನು ಹುದುಗಿಸಿದ್ದಾರೆ. ತಾಜ್ ಮಹಲಿನದೂ ಒಂದಿದೆ. ಹುಡುಕಿ ಮುಟ್ಟಿ ಬನ್ನಿ. ಅದು ಅಲ್ಲಿರುವುದು ಸರಿಯಾ ಅನ್ನುವ ಜಗಳವನ್ನು ರೈಲಿನಲ್ಲಿ ವಾಪಸ್ ಹೋಗುವಾಗ ಆಡಬಹುದು.

ಶೌಚಾಲಯಕ್ಕೆ ಇಲ್ಲಿಂದ ದಕ್ಷಿಣಕ್ಕೆ ಕೆಲವು ಬ್ಲಾಕ್ ನಡೆದು ಕಲ್ಚರಲ್ ಸೆಂಟರ್‌ಗೆ ಹೋಗಿ. 1897ರ ಕಟ್ಟಡ, ಪ್ರವೇಶ ಉಚಿತ, ಬಣ್ಣದ ಗಾಜಿನ ಗುಮ್ಮಟವನ್ನೂ ನೋಡಿದ ಹಾಗೆ ಆಗುತ್ತದೆ. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಆರ್ಟ್ ಇನ್‌ಸ್ಟಿಟ್ಯೂಟ್. ಮೈಸೂರು ಮಹಾರಾಜರ ನೆರವೂ ಪಡೆದು ಹೊರಟಿದ್ದ ವಿವೇಕಾನಂದರು 1893ರಲ್ಲಿ ಮಾತಾಡಿದ್ದು ಆ ಕಟ್ಟಡದಲ್ಲೇ. ಅಪ್ಪ ಅಮ್ಮ ಜೊತೆಗಿದ್ದರೆ ಅಲ್ಲಿಗೆ ಹೋಗದೆ ಬಿಡುವುದಿಲ್ಲ.

6. ನೀರು ಯಾವ ಕಡೆ ಹರಿಯುತ್ತಿದೆ ನೋಡಿ

ಮತ್ತೆ ರಿವರ್‌ವಾಕ್‌ಗೆ ಇಳಿದು ಮಿಶಿಗನ್ ಸೇತುವೆಯಿಂದ ಪೂರ್ವಕ್ಕೆ ಹೋದರೆ ಜನ ಕಡಿಮೆ, ಹಸಿರು ಜಾಸ್ತಿ. ಎಲ್ಲಾದರೂ ದಂಡೆಯ ಅಂಚಿನಲ್ಲಿ ನಿಂತು ತೇಲುವ ಒಂದು ಎಲೆಯನ್ನು ನೋಡುತ್ತಿರಿ. ಗಾಳಿಯಿಲ್ಲದ ದಿನ ಆಗಬೇಕು, ತಾಳ್ಮೆಯೂ ಬೇಕು, ಹರಿವು ಬಹಳ ನಿಧಾನ. ಸರೋವರ ಇರುವುದು ಪೂರ್ವಕ್ಕೆ. ಎಲೆ ಹೋಗುವುದು ಪಶ್ಚಿಮಕ್ಕೆ. ನದಿ ಸರೋವರಕ್ಕೆ ಬೆನ್ನು ತಿರುಗಿಸಿ ಹರಿಯುತ್ತಿದೆ.

ಮೊದಲು ಹೀಗಿರಲಿಲ್ಲ. ನದಿ ಸರೋವರಕ್ಕೇ ಬೀಳುತ್ತಿತ್ತು, ಊರಿನ ಕೊಳಕೆಲ್ಲ ಹೊತ್ತುಕೊಂಡು. ಊರು ಕುಡಿಯುತ್ತಿದ್ದದ್ದೂ ಅದೇ ಸರೋವರದ ನೀರು. ಟೈಫಾಯ್ಡ್, ಕಾಲರಾ ಬರದೇ ಇರುತ್ತದೆಯೇ? ಕೊನೆಗೆ 28 ಮೈಲಿ ಉದ್ದದ ಕಾಲುವೆ ತೋಡಿ, ದಕ್ಷಿಣ ಕವಲನ್ನು ಮಿಸಿಸಿಪ್ಪಿಯ ದಿಕ್ಕಿಗೆ ಹರಿಯುವ ಡೆಸ್ ಪ್ಲೇನ್ಸ್ ನದಿಯ ಕಡೆಗೆ ತಿರುಗಿಸಿದರು. 1900ರ ಜನವರಿ 2ರಂದು ನೀರು ಬಿಟ್ಟರು. ಅವಸರವಾಗಿ ಬಿಟ್ಟರು, ಯಾಕೆಂದರೆ ಶಿಕಾಗೋದ ಕೊಳಕು ಮಿಸಿಸಿಪ್ಪಿ ಸೇರಿ ತಮ್ಮ ಸೇಂಟ್ ಲೂಯಿಗೆ ಬರುತ್ತದೆ ಅಂತ ಮಿಸೌರಿಯವರು ಕೋರ್ಟಿಗೆ ಹೋಗುವುದರಲ್ಲಿದ್ದರು. ಹೋದರು ಕೂಡ. 1906ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಾವೇರಿ ಕೇಸು ಕೇಳುತ್ತಲೇ ದೊಡ್ಡವರಾದ ನಮಗೆ ಮೇಲಿನವರು ಕೆಳಗಿನವರು ಅನ್ನುವ ಈ ಜಗಳ ಹೊಸದೇನಲ್ಲ.

ಪೂರ್ವದ ತುದಿಗೆ ಹೋದರೆ ನದೀಮುಖದಲ್ಲಿ 1938ರ ಲಾಕ್ ಕಾಣುತ್ತದೆ, ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಎರಡು ಕಡೆ ಬಾಗಿಲಿರುವ ತೊಟ್ಟಿ. ಸರೋವರದ ಮಟ್ಟ ಸಾಮಾನ್ಯವಾಗಿ ನದಿಗಿಂತ ಎರಡರಿಂದ ಐದು ಅಡಿ ಎತ್ತರ. ದೋಣಿಗಳು ಒಳಗೆ ನಿಂತು, ಹಿಂದಿನ ಬಾಗಿಲು ಮುಚ್ಚಿ, ನೀರು ಸಮ ಆದ ಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ. ಲೇಕ್ ಶೋರ್ ಡ್ರೈವ್‌ನ ಕೆಳಗೆ ನುಸುಳಿದರೆ ಗೋಡೆಯ ಸೆರಾಮಿಕ್ ಫಲಕಗಳಲ್ಲಿ ನದಿಯ ಚರಿತ್ರೆ ಇದೆ. ಆಚೆಗೆ ಸರೋವರ.

ಸುಮಾರು ನೂರು ವರ್ಷ ಈ ನೀರಿಗೆ ಯಾರೂ ಈಜಲು ಇಳಿಯುತ್ತಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಡೌನ್‌ಟೌನ್‌ನಲ್ಲೇ ಈಜುಕೂಟ ನಡೆಯಿತು. ಹಾಗಂತ ನೀವು ಇಳಿಯಬೇಡಿ. ದೊಡ್ಡ ಮಳೆಯ ಮರುದಿನವಂತೂ ಕೈ ಕೂಡ ಅದ್ದಬೇಡಿ. ಚರಂಡಿ ಉಕ್ಕಿ ನದಿಗೆ ಸೇರುವುದು ಇನ್ನೂ ಪೂರ್ತಿ ನಿಂತಿಲ್ಲ.

7. ದೋಣಿ ಹತ್ತುವುದು ನಡೆದ ಮೇಲೆ

ದೋಣಿಯ ಟಿಕೆಟ್ ದುಬಾರಿ, ನಡೆಯದೇ ಹತ್ತಿದರೆ ಅರ್ಧ ನಷ್ಟ. ಹೆಸರು ಗೊತ್ತಿದ್ದರೆ ಅವರು ಹೇಳುವುದು ತಲೆಗೆ ಹೋಗುತ್ತದೆ. ಇಲ್ಲದಿದ್ದರೆ ಕತ್ತು ನೋವು ಅಷ್ಟೇ. ಹಲವರು ನಡೆಸುತ್ತಾರೆ. ಆರ್ಕಿಟೆಕ್ಚರ್ ಸೆಂಟರ್‌ನವರದು ಒಂದೂವರೆ ಗಂಟೆ, ವಿವರಿಸುವವರು ತರಬೇತಿ ಪಡೆದ ಸ್ವಯಂಸೇವಕರು. ಕಟ್ಟಡಗಳ ಬಗ್ಗೆ ಆಸಕ್ತಿ ಇದ್ದರೆ ಅದೇ ಸರಿ. ಚಿಕ್ಕ ಮಕ್ಕಳಿದ್ದರೆ ಕಡಿಮೆ ಹೊತ್ತಿನದನ್ನು ಆರಿಸಿ. ಮೇಲಂತಸ್ತಿನಲ್ಲಿ ನೆರಳಿಲ್ಲ, ಟೋಪಿ ಬೇಕು. ದಕ್ಷಿಣ ಕವಲಿನಲ್ಲಿ ತಿರುಗುವಾಗ ಊರಿನ ಅತಿ ಎತ್ತರದ ಕಟ್ಟಡ ವಿಲ್ಲಿಸ್ ಟವರ್ ತೋರಿಸುತ್ತಾರೆ. ಅದರ ಇಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್.

8. ಬೇರೆ ಕಾಲದಲ್ಲಿ ಇನ್ನೊಮ್ಮೆ

ಒಂದೇ ಒಂದು ಸಲ ಮತ್ತೆ ಬರುವುದಾದರೆ ಸೇತುವೆ ಏಳುವ ದಿನ ಬನ್ನಿ. ಚಳಿಗಾಲದಲ್ಲಿ ಹಾಯಿದೋಣಿಗಳನ್ನು ದಕ್ಷಿಣ ಕವಲಿನ ಅಂಗಳಗಳಲ್ಲಿ ಇಟ್ಟಿರುತ್ತಾರೆ. ವಸಂತದಲ್ಲಿ ಅವು ಸರೋವರಕ್ಕೆ ಹೋಗಬೇಕು, ಶರತ್ಕಾಲದಲ್ಲಿ ವಾಪಸ್ ಬರಬೇಕು. ಅವುಗಳ ಕಂಬ ಎತ್ತರ. ಸಾಮಾನ್ಯವಾಗಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಸೇತುವೆಗಳು ಒಂದಾದ ಮೇಲೊಂದು ಏಳುತ್ತವೆ. ಗಂಟೆ ಬಾರಿಸುತ್ತದೆ, ಗೇಟು ಬೀಳುತ್ತದೆ, ದೀಪದ ಕಂಬಗಳ ಸಮೇತ ರಸ್ತೆಯೇ ಎದ್ದು ನಿಲ್ಲುತ್ತದೆ. ಆಫೀಸಿಗೆ ಹೊರಟವರು ಗೊಣಗುತ್ತಾರೆ. ನೀವು ದೋಣಿಗಳ ಜೊತೆ ದಂಡೆಯಲ್ಲಿ ನಡೆಯಿರಿ, ಅವುಗಳ ವೇಗಕ್ಕೆ ಆರಾಮಾಗಿ ಸಮ ಹೋಗಬಹುದು.

ಮಾರ್ಚಿನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬದ ಶನಿವಾರ ನದಿಗೆ ಹಸಿರು ಬಣ್ಣ ಹಾಕುತ್ತಾರೆ. ಪುಡಿ ಕಿತ್ತಳೆ ಬಣ್ಣದ್ದು, ನೀರಿಗೆ ಬಿದ್ದರೆ ಹಸಿರು. 1962ರಲ್ಲಿ ಶುರು ಮಾಡಿದ್ದು ಪ್ಲಂಬರ್‌ಗಳ ಸಂಘ. ಯಾರ ಮನೆಯ ಕೊಳಚೆ ನದಿಗೆ ಸೋರುತ್ತಿದೆ ಅಂತ ಪತ್ತೆ ಹಚ್ಚಲು ಬಳಸುತ್ತಿದ್ದ ಬಣ್ಣ ಅದು. ಆ ದಿನ ಜಾತ್ರೆಯ ಜನ. ರಿವರ್‌ವಾಕ್ ನಂಬಿಕೊಂಡು ಬರಬೇಡಿ, ಮೇಲಿನ ವ್ಯಾಕರ್‌ನಲ್ಲಿ ಕೊಲಂಬಸ್ ಹತ್ತಿರ ಬೇಗ ಬಂದು ಜಾಗ ಹಿಡಿಯಿರಿ.

ಜನವರಿಯಲ್ಲಿ ಬಂದರೆ ನೀರಿನ ಮೇಲೆ ಮಂಜುಗಡ್ಡೆ ಹಾಳೆಗಳು ತೇಲುತ್ತಿರುತ್ತವೆ. ಫುಟ್‌ಪಾತಿನಲ್ಲಿ "ಮೇಲಿಂದ ಐಸ್ ಬೀಳುತ್ತದೆ" ಅಂತ ಬೋರ್ಡು ಇಟ್ಟಿದ್ದರೆ ಕಟ್ಟಡದಿಂದ ದೂರ ಸರಿದು ನಡೆಯಿರಿ. ಅದು ಶೋಕಿಗೆ ಇಟ್ಟಿದ್ದಲ್ಲ.

9. ದೇವಸ್ಥಾನಕ್ಕೆ ಹೋದಾಗ ಉಳಿದ ಭಾಗ

ಲೆಮಾಂಟ್‌ನ ರಾಮ ದೇವಸ್ಥಾನಕ್ಕೆ ಹೇಗಿದ್ದರೂ ಹೋಗುತ್ತೀರಿ. ಮುಂದಿನ ಸಲ ದರ್ಶನ ಮುಗಿಸಿ, ಪ್ರಸಾದ ಆದ ಮೇಲೆ, ಮನೆ ಕಡೆ ತಿರುಗದೆ ಲೆಮಾಂಟ್ ರೋಡಿನಲ್ಲಿ ದಕ್ಷಿಣಕ್ಕೆ ಹೋಗಿ. ಎತ್ತರದ ಸೇತುವೆಯೊಂದು ಸಿಗುತ್ತದೆ. ಅದರ ಕೆಳಗೆ ಡೆಸ್ ಪ್ಲೇನ್ಸ್ ನದಿ, ಪಕ್ಕದಲ್ಲೇ ನೆಟ್ಟಗೆ ಗೆರೆ ಎಳೆದ ಹಾಗೆ 1900ರ ಆ ಕಾಲುವೆ. ಡೌನ್‌ಟೌನ್‌ನಲ್ಲಿ ನೀವು ಎಲೆ ನೋಡುತ್ತ ನಿಂತಿದ್ದ ನೀರು ಇಲ್ಲಿಗೇ ಬರುತ್ತದೆ. ಇನ್ನೂ ಕೆಳಗೆ ರೋಮಿಯೋವಿಲ್‌ನಲ್ಲಿ ಈ ಕಾಲುವೆಗೆ ವಿದ್ಯುತ್ ತಡೆ ಹಾಕಿದ್ದಾರೆ. ನದಿ ತಿರುಗಿಸಿದ್ದರಿಂದ ಮಿಸಿಸಿಪ್ಪಿಗೂ ಸರೋವರಕ್ಕೂ ದಾರಿಯಾಯಿತು. ಆ ದಾರಿಯಲ್ಲಿ ಹೊರಗಿನ ಕಾರ್ಪ್ ಮೀನುಗಳು ಸರೋವರಕ್ಕೆ ನುಗ್ಗದಿರಲಿ ಅಂತ.

ಸೇತುವೆಯ ಮೇಲೆ ಕಾರು ನಿಲ್ಲಿಸುವ ಹಾಗಿಲ್ಲ. ದಾಟಿ ಲೆಮಾಂಟ್ ಹಳೇ ಪೇಟೆಗೆ ಇಳಿದು ಅಲ್ಲಿ ನಿಲ್ಲಿಸಿ. ಅದಕ್ಕಿಂತ ಹಳೆಯದಾದ 1848ರ ಇಲಿನಾಯ್-ಮಿಶಿಗನ್ ಕಾಲುವೆ ಪೇಟೆಯ ಪಕ್ಕದಲ್ಲೇ ಇದೆ, ದಂಡೆಯಲ್ಲಿ ನಡೆಯಲು ಸಮತಟ್ಟಾದ ದಾರಿಯೂ ಇದೆ.